ಕಾಗದದ ಕಿವಿಗುರುತು

ಕಾಗದಕ್ಕೂ ಕಿವಿ ಇರುತ್ತದೆ ಎಂದು ತಾಯವ್ವ ಹೇಳಿದ ದಿನ ವಾಚನಾಲಯದಲ್ಲಿ ನಗದವರೇ ಇರಲಿಲ್ಲ. ಪೇಪರು ಹಿಡಿದುಕೊಂಡೇ ತೂಕಡಿಸುತ್ತಿದ್ದ ಇಬ್ಬರು ನಿವೃತ್ತ ಮಾಸ್ತರರು ಎಚ್ಚರಾಗಿ ನಕ್ಕರು. ಕೆಳಗೆ ಚುರುಮುರಿ ಅಂಗಡಿ ಇಟ್ಟಿದ್ದ ಹುಸೇನಸಾಬ ರದ್ದಿ ಒಯ್ಯಲು ಬಂದವನು ಬಾಗಿಲಲ್ಲೇ ನಿಂತು ನಕ್ಕ. ಗ್ರಂಥಪಾಲ ಗುರಲಿಂಗಪ್ಪನವರಂತೂ ಕನ್ನಡಕ ತೆಗೆದು, ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು ಮತ್ತೊಮ್ಮೆ ನಕ್ಕರು. ನಗುವವರ ಮುಂದೆ ಎಡವಿ ಬಿದ್ದಂತಾಯಿತು ತಾಯವ್ವನಿಗೆ. ಆದರೆ ಆಕೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇದು ಅರವತ್ತೊಂದನೆಯ ಇಸವಿಯ ಮಾತು. ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಒಂದು ಹಳೆಯ ಮನೆಯ ಮಾಳಿಗೆಯ ಮೇಲೆ ಪೇಟೆಯ ವ್ಯಾಪಾರಿಗಳು ಸೇರಿ ನಡೆಸುತ್ತಿದ್ದ ವಾಚನಾಲಯ ಅದು. ಗುರಲಿಂಗಪ್ಪನವರು ಬಿ.ಎ. ಪಾಸಾದವರು, ಇಂಗ್ಲಿಷಿನಲ್ಲಿ ಪತ್ರ ಬರೆಯುವುದೆಂದರೆ ಅವರಿಗೆ ಹೋಳಿಗೆ ಉಂಡಷ್ಟು ಖುಷಿ. ದೇಶದೇಶಗಳು ಕೂಡಿ ಕಟ್ಟಿದ ಒಂದು ದೊಡ್ಡ ಸಂಸ್ಥೆಗೆ ಅವರು ಹೀಗೇ ಒಮ್ಮೆ ಬರೆದಿದ್ದರು: ನಮ್ಮದು ಒಕ್ಕಲಿಗರ, ಕುರಿಗಾರರ ಜಿಲ್ಲೆ, ನಿಮ್ಮ ಸಭೆಗಳಲ್ಲಿ ಬೆಳೆಯ ಬಗ್ಗೆ, ದನಕರುಗಳ ಬಗ್ಗೆ ಏನೇನು ಕಾಗದ ಹೊರಡುತ್ತದೋ ಅದರ ಒಂದೊಂದು ಪ್ರತಿ ನಮಗೂ ಬರಲಿ. ಉತ್ತರ ಬರಲಾರದು ಎಂದು ಎಲ್ಲರೂ ತಿಳಿದಿದ್ದರು. ಉತ್ತರ ಬರಲಿಲ್ಲ, ನೇರವಾಗಿ ಕಾಗದಗಳೇ ಬಂದವು. ಅಂದಿನಿಂದ ತಿಂಗಳಿಗೊಂದು ಗಂಟು, ಪರದೇಶದ ಅಂಚೆಚೀಟಿ ಹಚ್ಚಿಕೊಂಡು ಮೆಟ್ಟಿಲೇರಿ ಬರತೊಡಗಿತು.

ಓದುವವರು ಮಾತ್ರ ಯಾರೂ ಇರಲಿಲ್ಲ. ಗುರಲಿಂಗಪ್ಪನವರಿಗೆ ಅದರ ಚಿಂತೆಯೂ ಇರಲಿಲ್ಲ. ಅವರಿಗೆ ಬೇಕಾದದ್ದು ಶಿಸ್ತು. ಎತ್ತರದ ಪುಸ್ತಕಗಳು ಹಿಂದೆ, ಗಿಡ್ಡವು ಮುಂದೆ, ಸಾಲೆಯ ಡ್ರಿಲ್ಲಿನಲ್ಲಿ ಹುಡುಗರು ನಿಂತಂತೆ ನಿಲ್ಲಬೇಕು. ಮುಖಪುಟ ಮತ್ತು ಹೆಸರು ಇದ್ದದ್ದಕ್ಕೆ ದಾಖಲೆ ವಹಿಯಲ್ಲಿ ಕೆಂಪು ಶಾಯಿಯ ಒಂದು ನಂಬರು ಸಿಗುತ್ತಿತ್ತು. ಗಂಟಿನಲ್ಲಿ ಬರುವ ಬಿಡಿ ಹಾಳೆಗಳಿಗೆ ಮುಖಪುಟ ಇರುತ್ತಿರಲಿಲ್ಲ. ಹಾಗಾಗಿ ಅವು ಹುಸೇನಸಾಬನ ಚುರುಮುರಿ ಕಟ್ಟಲು ಹೋಗುತ್ತಿದ್ದವು.

ತಾಯವ್ವ ಅಲ್ಲಿ ಕಸ ಹೊಡೆದು, ಕುಡಿಯುವ ನೀರು ತುಂಬಿ, ಕಪಾಟು ಒರೆಸುವ ಹೆಂಗಸು. ನಲವತ್ತು ದಾಟಿದ್ದಳು. ತವರು ತಿಕೋಟಾ, ಕುರಿಗಾರರ ಮನೆ. ಗಂಡ ತೀರಿಕೊಂಡ ಮೇಲೆ ಈ ಕೆಲಸ ಹಿಡಿದವಳು, ಸಂಜೆಯ ವಯಸ್ಕರ ಸಾಲೆಗೆ ಹೋಗಿ ಕನ್ನಡ ಕೂಡಿಸಿ ಓದಲು ಕಲಿತಿದ್ದಳು. ಇಂಗ್ಲಿಷಿನ ದೊಡ್ಡಕ್ಷರ ಮತ್ತು ಅಂಕಿ ಗುರುತಿಸುವುದನ್ನು ಯಾರೂ ಕಲಿಸಿರಲಿಲ್ಲ, ದಿನಾ ಒರೆಸಿ ಒರೆಸಿ ತಾನಾಗಿಯೇ ಬಂದಿತ್ತು. ಆ ಕಾಗದಗಳಲ್ಲಿ ಗುರಲಿಂಗಪ್ಪನವರು ಎಂದೂ ನೋಡದ ಜಾಗವೊಂದನ್ನು ಆಕೆ ನೋಡಿದ್ದಳು. ಪ್ರತಿ ಕಾಗದದ ಬಲಗಡೆ, ಮೇಲಿನ ತುದಿಗೆ, ಸಣ್ಣ ಅಕ್ಷರಗಳು, ನಡುವೆ ಓರೆ ಗೀಟುಗಳು: ಎ/ಎಸ್/14. ಆ ಜಾಗ ಆಕೆಯ ಕಣ್ಣಿಗೆ ಕಿವಿಯಂತೆ ಕಂಡಿತು.

ಕುರಿಗಾರರ ಮನೆಯ ಮಗಳಿಗೆ ಹಾಗಲ್ಲದೆ ಇನ್ನು ಹೇಗೆ ಕಾಣಬೇಕು? ಆಕೆಯ ತವರಿನಲ್ಲಿ ಕುರಿಯ ಎಡಗಿವಿಯ ತುದಿ ಸೀಳಿದ್ದರೆ ಇಂಥ ಮನೆಯದು ಎಂದು ಅರ್ಥ. ಅದರ ಕೆಳಗೆ ಒಂದು ಕಚ್ಚು ಇದ್ದರೆ ತಮ್ಮ ಅಮೋಘಿಯ ಹಿಂಡು, ಎರಡಿದ್ದರೆ ಕಾಕಾನ ಹಿಂಡು. ಬಲಗಿವಿಯ ಕಚ್ಚುಗಳು ತಾಯಿಯ ಗುರುತು. ಮರಿ ಹುಟ್ಟಿದರೆ ತಾಯಿಯ ಗುರುತನ್ನೆಲ್ಲ ಅದರ ಕಿವಿಗೂ ಹಾಕಿ, ಮೇಲೊಂದು ಸಣ್ಣ ಕಚ್ಚು ಹೆಚ್ಚಿಗೆ ಕೊಡುತ್ತಾರೆ. ಸಾವಿರ ಕುರಿ ಒಂದೇ ಕೆರೆಗೆ ಇಳಿದರೂ ಸಂಜೆ ಯಾವ ಮರಿ ಯಾವ ತಾಯಿಗೆ ಎಂಬ ಜಗಳ ಬರುವುದಿಲ್ಲ.

"ಸಾಹೇಬರ, ಈ ದಪ್ಪ ಪುಸ್ತಕದ ಕಿವಿ ನೋಡ್ರಿ, ಈ ಬಿಡಿ ಹಾಳಿ ಕಿವಿ ನೋಡ್ರಿ," ಎಂದು ಆಕೆ ಆ ದಿನ ಎರಡನ್ನೂ ಮೇಜಿನ ಮೇಲೆ ಇಟ್ಟಿದ್ದಳು. "ಮೊದಲಿನ ಅಕ್ಷರ ಮನಿದು, ಆಮ್ಯಾಲಿಂದು ಹಿಂಡಿಂದು, ಅಂಕಿ ತಾಯಿದು. ಎಲ್ಲಾ ಒಂದs ಐತಿ. ಈ ಹಾಳಿಗೆ ಬಾಲದಾಗ ಒಂದು ಗೀಟು ಹೆಚ್ಚಿಗಿ ಐತಿ, ಅಷ್ಟ. ಇದು ಅದರ ಮರಿ ಐತ್ರಿ. ತಾಯಿ ಬಿಟ್ಟು ಹೊರಗ ಹಾಕಬ್ಯಾಡ್ರಿ."

ಆಗಲೇ ಎಲ್ಲರೂ ನಕ್ಕದ್ದು.

"ಅದು ಮರೀನs ಇರಲಿ, ಟಗರs ಇರಲಿ," ಎಂದರು ಗುರಲಿಂಗಪ್ಪನವರು. "ಮುಖಪುಟ ಇಲ್ಲದ್ದಕ್ಕ ನನ್ನ ವಹಿಯೊಳಗ ಜಾಗ ಇಲ್ಲ. ಇದು ವಾಚನಾಲಯ ಐತಿ ತಾಯವ್ವ, ನಿಮ್ಮ ಕುರಿ ಹಟ್ಟಿ ಅಲ್ಲ. ಹುಸೇನಸಾಬಗ ಕೊಟ್ಟ ಕಳಸು."

ತಾಯವ್ವ ತಲೆಯಾಡಿಸಿದಳು, ಆದರೆ ಕೊಡಲಿಲ್ಲ. ಬೇರೆಯವರ ಗುರುತಿನ ಮರಿ ದಾರಿ ತಪ್ಪಿ ನಿಮ್ಮ ಹಿಂಡಿಗೆ ಬಂದರೆ ಮಾರುವ ಹಾಗಿಲ್ಲ, ಕೊಯ್ಯುವ ಹಾಗಿಲ್ಲ. ಅದರ ಒಡೆಯ ಹುಡುಕಿಕೊಂಡು ಬರುವ ತನಕ ಮೇಯಿಸಿ ಇಟ್ಟುಕೊಳ್ಳಬೇಕು. ಈ ಕಟ್ಟಳೆಯನ್ನು ಆಕೆ ತಾಯಿಯ ಹಾಲಿನೊಂದಿಗೇ ಕುಡಿದಿದ್ದಳು. ಹುಸೇನಸಾಬನಿಗೆ ಹಳೆಯ ಪೇಪರುಗಳನ್ನಷ್ಟೇ ಕಟ್ಟಿ ಕೊಟ್ಟು, ಬಿಡಿ ಹಾಳೆಗಳನ್ನು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಒಂದು ಬುಟ್ಟಿಯೊಳಗೆ ಹಾಕುತ್ತ ಹೋದಳು. ಗೊತ್ತಾದರೆ ಕೆಲಸ ಹೋಗುತ್ತದೆ ಎಂಬ ಅಂಜಿಕೆ ಇತ್ತು. ಅಂಜುತ್ತಲೇ ಎರಡು ವರ್ಷ ಹಾಕಿದಳು, ಬುಟ್ಟಿ ತುಂಬಿತು.

ಅರವತ್ತಮೂರರ ಮಳೆಗಾಲ ಮುಗಿಯುತ್ತಿದ್ದಂತೆ ಆ ಕಡೆಯ ಕುರಿಗಳಿಗೆ ಹೊಟ್ಟೆಹುಳದ ರೋಗ ಬಂತು. ಕುರಿ ಮೇಯ್ದರೂ ಒಣಗುತ್ತಿತ್ತು, ಗದ್ದದ ಕೆಳಗೆ ನೀರು ತುಂಬಿ ಚೀಲದ ಹಾಗೆ ಜೋತು ಬೀಳುತ್ತಿತ್ತು. ಅಮೋಘಿ ಆಗ ತನ್ನ ಇನ್ನೂರು ಕುರಿಗಳನ್ನು ಬಬಲೇಶ್ವರದಲ್ಲಿ ಬಸಗೊಂಡಪ್ಪನೆಂಬ ಒಕ್ಕಲಿಗನ ಹೊಲದಲ್ಲಿ ಗೊಬ್ಬರಕ್ಕೆಂದು ತರುಬಿದ್ದ. ಅದರಲ್ಲಿ ಹನ್ನೊಂದು ಕುರಿ ತಾಯವ್ವನವು. ಮದುವೆಯಲ್ಲಿ ತವರಿನವರು ಆಕೆಯ ಹೆಸರಿಗೆ ಬಿಟ್ಟ ಎರಡು ಕುರಿಗಳ ಸಂತಾನ ಅದು, ಹಿಂಡಿನಲ್ಲೇ ಬೆಳೆಯುತ್ತಿತ್ತು. ಕೆಂಚಿ ಎಂಬ ಕೆಂದು ಕುರಿ ಆಕೆಯ ಜೀವ. ಊರಿಗೆ ಹೋದರೆ ಅದು ಮೂವತ್ತು ಮಾರು ದೂರದಿಂದ ಓಡಿ ಬಂದು ಸೆರಗು ಜಗ್ಗುತ್ತಿತ್ತು.

ಒಂದು ಮುಂಜಾನೆ ಬಸಗೊಂಡಪ್ಪ ಅಮೋಘಿಯನ್ನು ಕರೆದುಕೊಂಡು ವಾಚನಾಲಯದ ಮೆಟ್ಟಿಲೇರಿದ. ಬಸಗೊಂಡಪ್ಪ ಮ್ಯಾಟ್ರಿಕ್ ಓದಿದವನು.

"ಡಾಕ್ಟರು ಹಳ್ಳಿ ಹಳ್ಳಿ ತಿರಗಾಕತ್ತಾರ, ನಮ್ಮ ಪಾಳಿ ಬರೂದ್ರಾಗ ಕುರಿ ಉಳಿಯಂಗಿಲ್ಲರಿ," ಎಂದ. "ನಿಮ್ಮಲ್ಲಿ ಪರದೇಶದ ಪುಸ್ತಕ ಬರ್ತಾವಂತ. ಕುರಿ ಹುಳಕ್ಕ ಏನರ ಔಷಧ ಬರದಾರೇನ್ರಿ?"

ಗುರಲಿಂಗಪ್ಪನವರ ಮುಖ ನೋಡುವಂತಿತ್ತು. ಐದು ವರ್ಷದಲ್ಲಿ ಮೊದಲ ಬಾರಿ ಒಬ್ಬ ಮನುಷ್ಯ ಆ ಕಪಾಟಿನತ್ತ ಬೆರಳು ಮಾಡಿದ್ದ! ತಾಯವ್ವನನ್ನು ಚಹಾ ತರಲು ಅಟ್ಟಿ, ಎರಡನೆಯ ಸಾಲಿನಿಂದ ಹಸಿರು ಹೊದಿಕೆಯ ದಪ್ಪ ಪುಸ್ತಕ ಎಳೆದು, ಗಂಟೆಹೊತ್ತು ಓದಿ, ಔಷಧದ ಭಾಗವನ್ನು ಮುತ್ತಿನಂಥ ಅಕ್ಷರದಲ್ಲಿ ಕನ್ನಡಕ್ಕೆ ಇಳಿಸಿಕೊಟ್ಟರು. ಮೈಲುತುತ್ತವನ್ನು ನೀರಿನಲ್ಲಿ ಕರಗಿಸಿ ಕುಡಿಸಬೇಕು. ಒಂದು ಪಾಲು ತುತ್ತಕ್ಕೆ ಹತ್ತು ಪಾಲು ನೀರು.

"ಭಾಳ ಕಡು ಆಗೂದಿಲ್ಲೇನ್ರಿ?" ಎಂದ ಅಮೋಘಿ. ಕುರಿಯ ನಾಲಿಗೆ ಎಂಥದೆಂದು ಬಲ್ಲವನು ಅವನು.

"ಇಪ್ಪತ್ತು ದೇಶದ ಶಾಣ್ಯಾರು ಕೂಡಿ ಬರದದ್ದಪಾ ಇದು," ಎಂದರು ಗುರಲಿಂಗಪ್ಪನವರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ ಹಿಂಡಿನ ನಡುವೆ ಹುಟ್ಟಿದವನ ಮಾತು ಮೇಜಿನ ಮೇಲೇ ಬಿದ್ದು ಹೋಯಿತು.

ಹೊರಡುವಾಗ ಅಮೋಘಿ ಮೆಟ್ಟಿಲ ಮೇಲೆ ಅಕ್ಕನ ಕೈ ಹಿಡಿದ. "ಯಕ್ಕಾ, ಪ್ಯಾಟ್ಯಾಗ ತುತ್ತ ತಗೊಂಡು ಹಿಂಗs ಹೊಂಟ್ವಿ. ಸಂಜಿಕ ಕುರಿ ಬಂದ ಕೂಡಲೆ ಹಾಕ್ತೀವಿ. ನಿನ್ನವಕ್ಕs ಮೊದಲ."

ಅದು ಅವರ ಮನೆಯ ಪದ್ಧತಿ. ಉಪ್ಪು ಇಡಲಿ, ಉಣ್ಣೆ ಕತ್ತರಿಸಲಿ, ಹೆಣ್ಣುಮಗಳ ಕುರಿಗೇ ಮೊದಲ ಮಾನ. ತಾಯವ್ವನಿಗೆ ಕಣ್ಣು ತುಂಬಿ ಬಂತು.

ಅವರು ಹೋದ ಮೇಲೆ ಹಸಿರು ಪುಸ್ತಕವನ್ನು ಸಾಲಿಗೆ ಇಡಲು ಎತ್ತಿಕೊಂಡಳು. ರೂಢಿಯಂತೆ ಕಣ್ಣು ಕಿವಿಗೆ ಹೋಯಿತು: ಎ/ಎಸ್/14. ಈ ಗುರುತನ್ನು ಆಕೆ ಬುಟ್ಟಿಯಲ್ಲಿ ಕಂಡಿದ್ದಳು. ಇದಕ್ಕೊಂದು ಮರಿ ಇತ್ತು.

ಕೆಳಗಿಳಿದು ಗೂಡಿನೊಳಗೆ ಕೂತು ಬುಟ್ಟಿಯನ್ನು ಬುಡಮೇಲು ಮಾಡಿದಳು. ಎ/ಎಸ್/11ರ ಮರಿ, 12ರ ಎರಡು ಮರಿ, ಆಮೇಲೆ ಅದು ಸಿಕ್ಕಿತು. ಅಂಗೈಯಗಲದ ಬರಹ ಇರುವ ಒಂದೇ ಹಾಳೆ: ಎ/ಎಸ್/14/ಕಾರ್.1. ಆಕೆಗೆ ಅದರಲ್ಲಿ ಓದಲು ಬಂದದ್ದು ಎರಡೇ, 10 ಮತ್ತು 100. ಉಳಿದದ್ದು ತಿಳಿಯಲಿಲ್ಲ. ಆದರೆ ಮರಿ ತಾಯಿಗಿಂತ ಆಮೇಲೆ ಹುಟ್ಟಿದ್ದು, ಎಂದರೆ ತಾಯಿಗೆ ಗೊತ್ತಿರದ ಏನೋ ಒಂದು ಇದಕ್ಕೆ ಗೊತ್ತಿರಬೇಕು ಎಂದು ಮನಸ್ಸು ಹೇಳಿತು. ತೋರಿಸಿದರೆ ಎರಡು ವರ್ಷದ ಕಳ್ಳತನ ಬಯಲಾಗುತ್ತದೆ, ಕೆಲಸ ಹೋಗುತ್ತದೆ. ತೋರಿಸದಿದ್ದರೆ? ಹಾಳೆ ಹಿಡಿದುಕೊಂಡು ಮೇಲೆ ಹೋದಳು.

"ಸಾಹೇಬರ, ಬೈಯೂದಿದ್ರ ಆಮ್ಯಾಲ ಬೈರಿ. ಮೊದಲ ಇದನ್ನ ಓದ್ರಿ. ಇದು ಆ ಹಸರ ಪುಸ್ತಕದ ಮರಿ."

ಗುರಲಿಂಗಪ್ಪನವರು ಹುಬ್ಬು ಗಂಟಿಕ್ಕಿಕೊಂಡೇ ಓದತೊಡಗಿದರು. ಎರಡನೆಯ ಸಾಲಿಗೆ ಗಂಟು ಬಿಚ್ಚಿತು, ಮೂರನೆಯ ಸಾಲಿಗೆ ಮುಖದಲ್ಲಿ ರಕ್ತ ಇರಲಿಲ್ಲ. ಅದು ತಿದ್ದೋಲೆ. ಹನ್ನೊಂದನೆಯ ಪುಟದಲ್ಲಿ ಹತ್ತು ಪಾಲು ನೀರು ಎಂದು ಅಚ್ಚಾಗಿರುವುದನ್ನು ನೂರು ಪಾಲು ಎಂದು ಓದಿಕೊಳ್ಳತಕ್ಕದ್ದು. ಕುರಿಯ ಹೊಟ್ಟೆ ಮೈಲುತುತ್ತವನ್ನು ಹೆಚ್ಚು ತಾಳಲಾರದು.

"ಇದು ಯಾವಾಗ ಬಂದಿತ್ತು?"

"ಪುಸ್ತಕ ಬಂದ ಮುಂದಿನ ತಿಂಗಳs ಬಂದಿತ್ರಿ. ನೀವು ಹುಸೇನಸಾಬಗ ಕೊಡಂದಿದ್ರಿ. ನಾ ಕೊಡಲಿಲ್ಲ."

ಗುರಲಿಂಗಪ್ಪನವರು ಬೈಯಲಿಲ್ಲ. ಕೋಟು ಹಾಕಿಕೊಳ್ಳಲು ಹೋಗಿ ಒಂದು ತೋಳು ಸಿಗದೆ, ಅದನ್ನು ಹಾಗೇ ಹೆಗಲಿಗೆಸೆದು ಮೆಟ್ಟಿಲಿಳಿದರು, ಹಿಂದೆಯೇ ತಾಯವ್ವ. ವಾಚನಾಲಯದ ಬಾಗಿಲನ್ನು ಹುಸೇನಸಾಬ ಹಾಕಿಕೊಂಡ.

ಬಬಲೇಶ್ವರದ ಬಸ್ಸು ಮೂರಕ್ಕೆ ಹೊರಡಬೇಕಾದದ್ದು ನಾಲ್ಕಕ್ಕೆ ಹೊರಟಿತು. ಡ್ರೈವರನಿಗೆ ಯಾರ ಕುರಿಯ ಚಿಂತೆ? ಪ್ರತಿ ಊರಿನಲ್ಲೂ ನಿಂತು, ಬುಟ್ಟಿ ಏರಿಸಿ, ಬುಟ್ಟಿ ಇಳಿಸಿ, ಬೀಡಿ ಹಚ್ಚಿ ಹೊರಡುತ್ತಿದ್ದ. ತಾಯವ್ವ ಕಿಟಕಿಯಿಂದ ಸೂರ್ಯನನ್ನೇ ನೋಡುತ್ತಿದ್ದಳು. ನಿನ್ನವಕ್ಕs ಮೊದಲ ಎಂದಿದ್ದ ತಮ್ಮನ ಮಾತು ಮತ್ತೆ ಮತ್ತೆ ನೆನಪಾಗುತ್ತಿತ್ತು. ಅರ್ಧ ದಾರಿ ಕಳೆದ ಮೇಲೆ ಗುರಲಿಂಗಪ್ಪನವರು ಮೆಲ್ಲಗೆ ಬಾಯಿಬಿಟ್ಟರು.

"ತಾಯವ್ವ, ಆವತ್ತ ಕಿವಿ ಅಂದಿದ್ಯಲ್ಲ. ಅದನ್ನ ಇನ್ನೊಮ್ಮೆ ಹೇಳು. ನಾ ಅವತ್ತ ಕೇಳಲಿಲ್ಲ."

ಆಕೆ ಹೇಳಿದಳು. ಮನೆ, ಹಿಂಡು, ತಾಯಿ, ಮರಿ. ಅವರು ತಿದ್ದೋಲೆಯ ಮೂಲೆಯ ಮೇಲೆ ಬೆರಳಿಟ್ಟು, ಆಕೆ ಹೇಳಿದಂತೆ ಒಂದೊಂದೇ ಗೀಟು ದಾಟುತ್ತ ಹೋದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಒಲೆ ಉರಿದದ್ದೇನೋ ನಿಜ, ಅಡುಗೆ ಸೀದಿದೆಯೋ ಉಳಿದಿದೆಯೋ ಎಂಬುದು ಬಬಲೇಶ್ವರ ಮುಟ್ಟಿದ ಮೇಲೆಯೇ ತಿಳಿಯಬೇಕಿತ್ತು.

ಬಸ್ಸು ಇಳಿದವರು ರಸ್ತೆ ಬಿಟ್ಟು ಹೊಲದಲ್ಲಿ ಅಡ್ಡ ಓಡಿದರು. ಮಳೆಯಾದ ಎರೆಭೂಮಿ, ಕಾಲು ಇಟ್ಟಲ್ಲಿ ಹಿಡಿದುಕೊಳ್ಳುತ್ತಿತ್ತು. ಗುರಲಿಂಗಪ್ಪನವರು ಮುಗ್ಗರಿಸಿ ಬಿದ್ದು, ಕೆರವು ಕೆಸರಿನಲ್ಲೇ ಬಿಟ್ಟು ಎದ್ದರು. ಕುರಿಗಳು ಆಗಲೇ ತಟ್ಟಿಯ ಬೇಲಿಯೊಳಗೆ ಬಂದು ನಿಂತಿದ್ದವು. ಅಮೋಘಿ ತೊಡೆಗಳ ನಡುವೆ ಒಂದು ಕುರಿಯನ್ನು ಅಮುಕಿ ಹಿಡಿದು, ಬಾಯಿ ತೆರೆಸಿ, ಔಷಧ ಕುಡಿಸುವ ಬಿದಿರಿನ ಗೊಟ್ಟವನ್ನು ಎತ್ತಿದ್ದ.

"ಅಮೋಘೀ, ನಿಂದರೋ! ಹಾಕಬ್ಯಾಡೋ!"

ಆ ಕೂಗಿಗೆ ಇಡೀ ಹಿಂಡು ತಿರುಗಿ ನೋಡಿತು. ಗೊಟ್ಟ ಕೆಳಗಿಳಿಯಿತು. ನೀಲಿ ನೀರು ಎರೆಮಣ್ಣಿಗೆ ಚೆಲ್ಲಿತು.

"ಎಷ್ಟಕ್ಕ ಹಾಕೀ?" ಏದುಸಿರಿನಲ್ಲೇ ಕೇಳಿದಳು.

"ಈಗ ಸುರು ಮಾಡೇನಿ ಯಕ್ಕಾ. ಒಂದಕ್ಕ. ಕೆಂಚಿಗೆ."

ತಾಯವ್ವ ಅಲ್ಲೇ ಕೂತುಬಿಟ್ಟಳು. ಕೆಂಚಿ ಎಂದಿನಂತೆ ಬಂದು ಆಕೆಯ ಸೆರಗಿಗೆ ಬಾಯಿ ಹಾಕಿತು, ಜಗ್ಗಲಿಲ್ಲ, ಹಾಗೇ ತಲೆ ಊರಿ ನಿಂತಿತು.

ಬಸಗೊಂಡಪ್ಪ ಹಾಳೆ ಓದಿ ಕೆಂಡವಾದ. "ಓದಿದವರು ನೀವs ಹಿಂಗ ಮಾಡಿದ್ರ ನಾವು ಯಾರನ್ನ ನಂಬೂದ್ರಿ?"

ಗುರಲಿಂಗಪ್ಪನವರು ಬರಿಗಾಲಲ್ಲಿ, ಮೊಣಕಾಲ ತನಕ ಕೆಸರು ಮೆತ್ತಿಕೊಂಡು ನಿಂತಿದ್ದರು. ಪರದೇಶದವರ ಮೇಲೆ ಹಾಕಬಹುದಿತ್ತು, ಅಚ್ಚಿನವನ ಮೇಲೆ ಹಾಕಬಹುದಿತ್ತು. ಹಾಕಲಿಲ್ಲ. "ತಪ್ಪು ನಂದು," ಎಂದರು. "ಅವರು ತಿದ್ದಿ ಕಳಿಸಿದ್ರು, ನಾ ರದ್ದಿಗೆ ಹಾಕಂದೆ. ಈಕಿ ಇಟ್ಟಿದ್ಲು." ಆಮೇಲೆ ತಾವೇ ಕೂತು, ಒಂದಕ್ಕೆ ನೂರರಂತೆ ಅಳೆದು ಹೊಸ ಔಷಧ ಕೂಡಿಸಿದರು. ಒಂದೊಂದು ಕೊಡ ನೀರನ್ನೂ ಎರಡೆರಡು ಸಲ ಎಣಿಸಿದರು.

ಕೆಂಚಿಗೆ ಮಜ್ಜಿಗೆ ಕುಡಿಸಿದರು, ಅಮೋಘಿ ತನಗೆ ತಿಳಿದ ನಾರುಬೇರು ಅರೆದು ಹಾಕಿದ. ಬೆಳಗಾಗುವಷ್ಟರಲ್ಲಿ ಅದು ಇರಲಿಲ್ಲ. ಅದರ ಎರಡು ತಿಂಗಳ ಮರಿ ಪಕ್ಕದಲ್ಲಿ ನಿಂತು ಕೂಗುತ್ತಿತ್ತು. ತಾಯವ್ವ ಮುಚ್ಚಿಡದೆ ಅತ್ತಳು, ಮನುಷ್ಯರಿಗೆ ಅತ್ತ ಹಾಗೆಯೇ ಅತ್ತಳು. ಅಮೋಘಿ ಆ ಮರಿಯನ್ನು ಎತ್ತಿಕೊಂಡು, ಮರಿ ಕಳೆದುಕೊಂಡ ಬೇರೊಂದು ಕುರಿಯ ಕೆಚ್ಚಲಿಗೆ ಹಚ್ಚಿದ. ಮೊದಲು ಒದ್ದ ಕುರಿ ಆಮೇಲೆ ಸುಮ್ಮನೆ ನಿಂತಿತು.

"ನಿನ್ನ ಕುರಿ ನಾ ಕೊಂದಂಗಾತು," ಎಂದರು ಗುರಲಿಂಗಪ್ಪನವರು.

"ಒಂದು ಹೋತ್ರಿ. ಹೊಟ್ಟಿ ಉರೀತೈತಿ, ಸುಳ್ಳ್ಯಾಕ ಹೇಳ್ಲಿ," ಎಂದಳು ತಾಯವ್ವ. "ಖರೆ, ಹಿಂಡು ಉಳೀತಲ್ರಿ."

ಹಿಂಡು ಉಳಿಯಿತು. ಎರಡು ವಾರದಲ್ಲಿ ಗದ್ದದ ಬಾವು ಇಳಿದು, ಕುರಿಗಳು ಮತ್ತೆ ಕುಣಿದು ಮೇಯತೊಡಗಿದವು.

ಇತ್ತ ವಾಚನಾಲಯದಲ್ಲಿ ಗುರಲಿಂಗಪ್ಪನವರು ತಮ್ಮ ಡ್ರಿಲ್ಲಿನ ಸಾಲುಗಳನ್ನೆಲ್ಲ ಒಡೆದು ನೆಲಕ್ಕೆ ಹಾಕಿದರು. ಮೆಟ್ಟಿಲ ಕೆಳಗಿನ ಬುಟ್ಟಿಯನ್ನು ತಾವೇ ಹೊತ್ತು ತಂದರು. ತಾಯವ್ವ ಕಿವಿ ನೋಡಿ ಕೂಗುವುದು, ಅವರು ಹೊಸ ವಹಿಯಲ್ಲಿ ಬರೆಯುವುದು. ತಾಯಿ ಎತ್ತರವಿರಲಿ ಗಿಡ್ಡವಿರಲಿ, ಮರಿ ಅದರ ಮಗ್ಗುಲಲ್ಲೇ. ಬಾಲದ ಗೀಟಿನ ನಂತರ ಬರುವ ಅಕ್ಷರಗಳ ಅರ್ಥವನ್ನು ಅವರೂ ಆಕೆಗೆ ಹೇಳಿಕೊಟ್ಟರು: ಒಂದು ಬಗೆಯದು ತಿದ್ದೋಲೆ, ಒಂದು ಬಗೆಯದು ಸೇರಿಸಿದ್ದು, ಮತ್ತೊಂದು ಬಂದರೆ ತಾಯಿಯನ್ನೇ ಹೊಸದಾಗಿ ಬರೆದದ್ದು. ಆಕೆ ಹೂಂಗುಟ್ಟುತ್ತ ಕೇಳಿದಳು. ದೊಡ್ಡ ದೊಡ್ಡ ದೇಶದವರು ತಮ್ಮ ತಪ್ಪಿಗೂ ಒಂದು ಗುರುತು ಹಾಕಿ, ನಂಬರು ಕೊಟ್ಟು, ಅಂಚೆಯ ಖರ್ಚು ಹಾಕಿಕೊಂಡು ಕಳಿಸುತ್ತಾರೆ ಎಂಬುದು ಆಕೆಗೆ ಬಹಳ ಸೇರಿತು.

ದೀಪಾವಳಿಯ ಹೊತ್ತಿಗೆ ಆ ಔಷಧದ ಸಂಗತಿಯನ್ನು ಸರಿಯಾಗಿ, ಪಶುವೈದ್ಯರಿಗೆ ತೋರಿಸಿಕೊಂಡು, ಕನ್ನಡದಲ್ಲಿ ಒಂದು ಹಾಳೆ ಮಾಡಿದರು. ಸೊಲ್ಲಾಪುರ ರಸ್ತೆಯ ಛಾಪಖಾನೆಯಲ್ಲಿ ಅಚ್ಚಿಗೆ ಕೊಡುವ ಮುನ್ನ ಗುರಲಿಂಗಪ್ಪನವರು ತಾಯವ್ವನನ್ನು ಕರೆದರು.

"ಇದಕ್ಕ ಕಿವಿ ಗುರುತು ಏನ ಹಾಕೂಣು?"

ತಾಯವ್ವ ಹಾಳೆಯ ಬಲತುದಿಗೆ ಬೆರಳಿಟ್ಟಳು. "ಮನಿ ವಾಚನಾಲಯದ್ದು, ವಾ ಅಂತ ಹಾಕ್ರಿ. ಹಿಂಡು ಕುರಿದು, ಕು ಅಂತ. ಚೊಚ್ಚಲ ಐತಿ, ಒಂದು."

ಹಾಗೆ ವಾ/ಕು/1 ಅಚ್ಚಾಯಿತು. ತಿಕೋಟಾದ ಸಂತೆಗೂ ಬಬಲೇಶ್ವರದ ಸಂತೆಗೂ ಹೋಯಿತು. ಅದರ ಕೆಳಗೆ ಗುರಲಿಂಗಪ್ಪನವರು ಒಂದು ಸಾಲು ಸೇರಿಸಿದ್ದರು: ಇದರಲ್ಲಿ ಕೊರತೆ ಕಂಡವರು ಈ ಗುರುತು ಹಾಕಿ ನಮಗೆ ಬರೆಯಿರಿ, ಇಟ್ಟುಕೊಳ್ಳುತ್ತೇವೆ.

ಹುಸೇನಸಾಬ ಅದನ್ನು ನೋಡಿ, "ಕುರುಬರು ಪತ್ರ ಬರಿಯೂದು, ನೀವು ಇಟಗೊಳ್ಳೂದು, ಆತು ಬಿಡ್ರಿ," ಎಂದು ನಕ್ಕಿದ್ದ.

ಸಂಕ್ರಾಂತಿ ಕಳೆದು ನಾಲ್ಕನೆಯ ದಿನ ಅಂಚೆಯವನು ಒಂದು ಲಕೋಟೆ ತಂದ. ಒಳಗೆ ಗೆರೆ ಹಾಕಿದ ವಹಿಯಿಂದ ಹರಿದ ಅರ್ಧ ಹಾಳೆ. ಹೇಳಿದವನು ಅಮೋಘಿ, ಬರೆದವನು ಬಸಗೊಂಡಪ್ಪ. ಬಲಗಡೆಯ ಮೇಲಿನ ತುದಿಯಲ್ಲಿ ದಪ್ಪಗೆ ವಾ/ಕು/1/ಮರಿ 1 ಎಂದಿತ್ತು. ಗುರಲಿಂಗಪ್ಪನವರು ಗಟ್ಟಿಯಾಗಿ ಓದಿದರು:

"ಹಾಲು ಕುಡಿಯುವ ಮರಿಗೆ ಹ್ಯಾಂಗ ಅಂತ ನಿಮ್ಮ ಕಾಗದದಾಗ ಇಲ್ಲ. ನಾವು ಅಂಥವಕ್ಕ ಹಾಕಲಿಲ್ಲ, ತಾಯಿಗೆ ಅಷ್ಟ ಹಾಕಿದಿವಿ, ಎಲ್ಲಾ ಉಳಿದಾವು. ಹುಲ್ಲಿಗೆ ಬಾಯಿ ಹಾಕೂ ತನಕ ಮರಿಗೆ ಬ್ಯಾಡ ಅಂತ ಸೇರಸ್ರಿ. ಕೆಂಚಿ ಮರಿ ಬೆಳದೈತಿ, ಅದಕ್ಕ ಅವ್ವನ ಗುರುತು ಹಾಕೇವಿ. ಈ ಕಾಗದ ತಾಯಿ ಕೂಡ ಇಡ್ರಿ."

ಮಾಸ್ತರರಿಬ್ಬರೂ ಪೇಪರು ಕೆಳಗಿಟ್ಟು ಕೇಳುತ್ತಿದ್ದರು. ಯಾರೂ ನಗಲಿಲ್ಲ. ಮುಖಪುಟವಿಲ್ಲದ ಆ ಅರ್ಧ ಹಾಳೆಯನ್ನು ಗುರಲಿಂಗಪ್ಪನವರು ಎರಡೂ ಕೈಯಿಂದ ಮೇಜಿನ ಮೇಲೆ ಸರಿಮಾಡಿದರು. ದಾಖಲೆ ವಹಿಯನ್ನು ತೆರೆದು ತಾಯವ್ವನ ಕಡೆ ತಿರುಗಿಸಿ, ಕೆಂಪು ಶಾಯಿಯ ಪೆನ್ನನ್ನು ಮುಂದೆ ಮಾಡಿದರು.

"ನಿನ್ನ ತವರಿಂದು. ನೀನs ಬರಿ."

ತಾಯವ್ವ ಸೆರಗಿಗೆ ಕೈ ಒರೆಸಿಕೊಂಡು ಕುರ್ಚಿಯ ಮೇಲೆ ಕೂತಳು. ಆ ಕುರ್ಚಿಯನ್ನು ಅಷ್ಟು ವರ್ಷ ಒರೆಸಿದ್ದಳೇ ಹೊರತು ಅದರ ಮೇಲೆ ಕೂತದ್ದು ಅದೇ ಮೊದಲು. ಪೆನ್ನು ಹಿಡಿದು, ತಮ್ಮನ ಕಾಗದವನ್ನು ಅದರ ತಾಯಿಯ ಕೆಳಗಿನ ಸಾಲಿನಲ್ಲಿ ಬರೆದಳು.